ನೆರಳು ಬೇಡ ಅಂದರೆ ಕಾಲು ಬೆಲೆ: ಬದಿಯಡ್ಕದಲ್ಲಿ ಅಜ್ಜಿಯ ಚಿತ್ರ ಮಾಡಿಸಿದ್ದು

ಮೊದಲೇ ಹೇಳಿಬಿಡುತ್ತೇನೆ. ಮನೆಯ ಹಿರಿಯರ ಹಳೆ ಫೋಟೋ ಕೊಟ್ಟು, ಕೈಯಲ್ಲೇ ಬಿಡಿಸಿದ ಚಿತ್ರ ಮಾಡಿಸಬೇಕು ಅಂತ ಇದ್ದರೆ ಕಾಸರಗೋಡು ಜಿಲ್ಲೆಯ ಬದಿಯಡ್ಕಕ್ಕೆ ಹೋಗಿ. ಪೇಟೆಯಲ್ಲಿ ಮಾಳಿಗೆಯ ಮೇಲೆ ಒಂದು ಸಣ್ಣ ಕೋಣೆಯ ಅಂಗಡಿ ಇದೆ. ಹೆಸರು ಬರೆಯಬೇಡಿ ಎಂದು ಚಿತ್ರ ಮಾಡುವವರೇ ಕೇಳಿಕೊಂಡಿದ್ದಾರೆ, ಕೈಯಲ್ಲಿರುವ ಕೆಲಸವೇ ಮುಗಿಯುತ್ತಿಲ್ಲವಂತೆ. ಹಾಗಾಗಿ ಬರೆಯುವುದಿಲ್ಲ. ಪೇಟೆಯಲ್ಲಿ ಇಳಿದು ಚಿತ್ರ ಮಾಡುವವರು ಎಲ್ಲಿ ಅಂತ ಕನ್ನಡದಲ್ಲೋ ತುಳುವಿನಲ್ಲೋ ಮಲಯಾಳದಲ್ಲೋ ಕೇಳಿದರೆ ಸಾಕು, ತೋರಿಸುತ್ತಾರೆ.

ನಾನು ಕನ್ನಡ ಮಾಧ್ಯಮದ ಶಾಲೆಯಲ್ಲಿ 28 ವರ್ಷ ಡ್ರಾಯಿಂಗ್ ಮಾಷ್ಟ್ರಾಗಿದ್ದವನು. ಮುಖದ ಚಿತ್ರ ನನಗೆ ಬರುವುದಿಲ್ಲ. ಹೂದಾನಿ, ತೆಂಗಿನ ಮರ, ಯಕ್ಷಗಾನದ ಕಿರೀಟ ಎಲ್ಲ ಬಿಡಿಸುತ್ತೇನೆ, ಮುಖ ಮಾತ್ರ ಕೈಗೆ ಸಿಕ್ಕಿಲ್ಲ. ಹಾಗಾಗಿ ಮುಖ ಬಿಡಿಸುವವರ ಮೇಲೆ ನನಗೆ ಮೊದಲಿನಿಂದಲೂ ಬಹಳ ಗೌರವ.

ಅಜ್ಜಿ ತೀರಿಕೊಂಡದ್ದು ಹೋದ ವರ್ಷ. ವರ್ಷಾಂತಿಕದ ಒಳಗೆ ಚಾವಡಿಯಲ್ಲಿ ಅವರದ್ದೊಂದು ಚಿತ್ರ ಹಾಕಬೇಕು ಅಂತ ಅಮ್ಮನಿಗೆ ಆಸೆ. ಆದರೆ ಫೋಟೋ ಎಲ್ಲಿದೆ? ರೇಷನ್ ಕಾರ್ಡಿನಲ್ಲಿ ಒಂದು, ಉಗುರಿನಷ್ಟು. ನನ್ನ ಮದುವೆಯ ಗ್ರೂಪ್ ಫೋಟೋದಲ್ಲಿ ಇನ್ನೊಂದು, ಅದರಲ್ಲಿ ಅಜ್ಜಿ ಕ್ಯಾಮರಾ ಬಿಟ್ಟು ಅಡುಗೆಯವರ ಕಡೆ ನೋಡುತ್ತಿದ್ದಾರೆ, ಅದೂ ಮಳೆಗಾಲದ ಬೂಷ್ಟು ಹಿಡಿದು ಒಂದು ಕೆನ್ನೆ ಕಲೆಯಾಗಿದೆ. ಅಷ್ಟೇ. ತೊಂಬತ್ತು ದಾಟಿ ಬದುಕಿದ ಜೀವಕ್ಕೆ ಎರಡು ಫೋಟೋ.

ನಾವು ಮೊದಲು ಮಾಡಿದ್ದು ತಪ್ಪು. ಮಗ ಮೊಬೈಲಿನಲ್ಲಿ ಹುಡುಕಿ ಒಂದು ಕಡೆ ಆರ್ಡರ್ ಮಾಡಿದ. ಕೈಯಿಂದ ಬಿಡಿಸಿದ ಆಯಿಲ್ ಪೈಂಟಿಂಗ್ ಎಂದು ಹಾಕಿದ್ದರು, 6,000 ರೂಪಾಯಿ. ಹತ್ತು ದಿನಕ್ಕೆ ಪಾರ್ಸೆಲ್ ಬಂತು. ಬಿಚ್ಚಿ ನೋಡಿದರೆ ಯಾರೋ ನಲವತ್ತು ವರ್ಷದ ಹೆಂಗಸು. ಸುಕ್ಕೇ ಇಲ್ಲ, ಬೆಂಡೋಲೆ ತೂಗಿ ಜಗ್ಗಿದ ಕಿವಿ ಇಲ್ಲ, ಎಲೆಯಡಿಕೆಯ ಕೆಂಪು ಇಲ್ಲ. ಅಮ್ಮ ಒಂದು ಸಲ ನೋಡಿ ಒಳಗೆ ಹೋದರು. ಆಮೇಲೆ ನಾನು ಭೂತಗನ್ನಡಿ ಹಿಡಿದು ನೋಡಿದೆ. ಸಣ್ಣ ಸಣ್ಣ ಬಣ್ಣದ ಚುಕ್ಕೆಗಳು, ಅಂದರೆ ಪ್ರಿಂಟು. ಅದರ ಮೇಲೆ ಬಣ್ಣವಿಲ್ಲದ ಜೆಲ್ ಬಳಿದು ಬ್ರಷ್ಷಿನ ಗೀರು ಬರುವ ಹಾಗೆ ಮಾಡಿದ್ದಾರೆ. ನೀವೂ ಎಲ್ಲಾದರೂ ಮಾಡಿಸಿದರೆ ಹೀಗೆ ಪರೀಕ್ಷೆ ಮಾಡಿ. ನಿಜವಾದ ಪೈಂಟಿಂಗ್‌ನಲ್ಲಿ ಬ್ರಷ್ಷಿನ ಗೀರೂ ಬಣ್ಣವೂ ಒಟ್ಟಿಗೆ ಹೋಗುತ್ತವೆ. ಮೋಸದ್ದರಲ್ಲಿ ಗೀರು ಒಂದು ಕಡೆ, ಬಣ್ಣ ಒಂದು ಕಡೆ. ದುಡ್ಡು ವಾಪಸ್ ಬರಲಿಲ್ಲ.

ಹೀಗೆ ಮನಸ್ಸು ಕೆಟ್ಟಿರುವಾಗಲೇ ಸೋದರಮಾವ ಬದಿಯಡ್ಕದ ಅಂಗಡಿಯ ಸುದ್ದಿ ಹೇಳಿದ್ದು.

ಮೆಟ್ಟಿಲು ಕಡಿದು, ಕತ್ತಲೆ ಬೇರೆ. ಮೊಣಕಾಲು ನೋವಿರುವವರು ಜೊತೆಗೆ ಒಬ್ಬರನ್ನು ಕರೆದುಕೊಂಡೇ ಹೋಗಿ. ಒಳಗೆ ಕಾಲಿಟ್ಟರೆ ಅಗಸೆ ಎಣ್ಣೆ, ಟರ್ಪೆಂಟೈನ್ ವಾಸನೆ. ಬಡಗಣ ಗೋಡೆಯಲ್ಲಿ ಒಂದೇ ದೊಡ್ಡ ಕಿಟಕಿ. ಅದು ನೋಡಿಯೇ ನನಗೆ ಅರ್ಧ ಸಮಾಧಾನ ಆಯಿತು. ಬಡಗಣ ಬೆಳಕು ದಿನವಿಡೀ ಜಾಸ್ತಿ ಬದಲಾಗುವುದಿಲ್ಲ, ಅದು ಗೊತ್ತಿರುವವರು ಕೋಣೆ ಹುಡುಕುವಾಗ ಕಿಟಕಿಯನ್ನೇ ಮೊದಲು ನೋಡುತ್ತಾರೆ. ಗೋಡೆಯಲ್ಲಿ ಕನ್ನಡದಲ್ಲೂ ಮಲಯಾಳದಲ್ಲೂ ಕೈಯಿಂದ ಬರೆದ ಒಂದು ಹಲಗೆ. ಅದರಲ್ಲಿ ಎರಡು ದರ. ನೆರಳು–ಬೆಳಕು ಹಾಕಿದ ಪೂರ್ತಿ ಕೆಲಸ, ಕ್ಯಾನ್ವಾಸಿನ ಮೇಲೆ ಎಣ್ಣೆ ಬಣ್ಣ: 16,000. ಸಾದಾ ಕೆಲಸ, ಬೋರ್ಡಿನ ಮೇಲೆ, ನೆರಳಿಲ್ಲದೆ: 4,000.

ಸರಿಯಾಗಿ ನಾಲ್ಕರಲ್ಲಿ ಒಂದು. ನಾನು ಅಲ್ಲೇ ನಿಂತುಬಿಟ್ಟೆ. ಯಾಕೆಂದರೆ ಇದೇ ಲೆಕ್ಕ 1831ರಲ್ಲಿ ಅಮೆರಿಕದ ಮೇಯ್ನ್ ಎಂಬ ರಾಜ್ಯದಲ್ಲಿ ಒಬ್ಬ ಚಿತ್ರಗಾರ ಪೇಪರಿನಲ್ಲಿ ಜಾಹೀರಾತು ಕೊಟ್ಟು ಹೇಳಿದ್ದ. ಚಪ್ಪಟೆ ಚಿತ್ರ ಸಾಕು ಅನ್ನುವವರಿಗೆ ನೆರಳು ಇಲ್ಲದೆ ಮುಖದ ಹೋಲಿಕೆ ತೆಗೆದುಕೊಡುತ್ತೇನೆ, ಕಾಲು ಬೆಲೆಗೆ. ವಿಲಿಯಂ ಮ್ಯಾಥ್ಯೂ ಪ್ರಯರ್ ಅಂತ ಅವನ ಹೆಸರು. ಮಗಳು ಬಾಸ್ಟನ್ನಿನಲ್ಲಿದ್ದಾಳೆ, ಅವಳಿಂದಾಗಿ ನನಗೆ ಈ ಮನುಷ್ಯನ ಪರಿಚಯ ಆದದ್ದು. ಆಮೇಲೆ ಸಿಕ್ಕಿದ್ದೆಲ್ಲ ಓದಿದೆ. ಹತ್ತನೇ ತರಗತಿಯ ಮಕ್ಕಳಿಗೂ ಹೇಳುತ್ತಿದ್ದೆ.

ಅವನ ಕತೆ ಇಲ್ಲಿ ಯಾಕೆ ಅಂತ ಕೇಳಬಹುದು. ಅವನನ್ನು ತಿಳಿದುಕೊಂಡಿದ್ದರಿಂದಲೇ ನಾನು 4,000 ರೂಪಾಯಿಯ ಚಿತ್ರವನ್ನು ಕೀಳಾಗಿ ನೋಡದೆ ಅದನ್ನೇ ಆರಿಸಿದ್ದು, ಹಾಗಾಗಿ ಸ್ವಲ್ಪ ಹೇಳಲೇಬೇಕು.

ಪ್ರಯರ್ ಹುಟ್ಟಿದ್ದು 1806ರಲ್ಲಿ, ಬಾತ್ ಎಂಬ ಊರಿನಲ್ಲಿ. ಹಡಗು ಕಟ್ಟುವ ಊರು ಅದು. ಶುರುವಿನಲ್ಲಿ ಮುಖದ ಚಿತ್ರ ಒಂದರಿಂದಲೇ ಹೊಟ್ಟೆ ತುಂಬುತ್ತಿರಲಿಲ್ಲ. ಹಳೆ ಚಹಾದ ಟ್ರೇಗಳಿಗೆ ಹೊಸದಾಗಿ ಮೆರುಗು ಹಾಕಿ ಹೂಬಳ್ಳಿ ಬಿಡಿಸಿ ಕೊಡುವುದು, ಅಲಂಕಾರದ ಕೆಲಸ, ಹೀಗೆ ಬಂದದ್ದೆಲ್ಲ ಮಾಡುತ್ತಿದ್ದ. ನಮ್ಮಲ್ಲೂ ಬೋರ್ಡು ಬರೆಯುವವರು, ನಾಟಕದ ಪರದೆ ಮಾಡುವವರು, ದೇವಸ್ಥಾನದ ಗೋಡೆಗೆ ಚಿತ್ರ ಬಿಡಿಸುವವರು ಒಬ್ಬರೇ ಆಗಿರುತ್ತಿದ್ದರು ಅಲ್ವಾ, ಹಾಗೆ. 1828ರಲ್ಲಿ ರೋಸಮಂಡ್ ಹ್ಯಾಂಬ್ಲಿನ್ ಎಂಬವಳನ್ನು ಮದುವೆಯಾದ. ಆ ಹ್ಯಾಂಬ್ಲಿನ್ ಮನೆಯವರೂ ಬಣ್ಣದ ಕೆಲಸದವರೇ. ಭಾವನೆಂಟ ಸ್ಟರ್ಟೆವಂಟ್ ಹ್ಯಾಂಬ್ಲಿನ್ ಅಂತೂ ಇವನ ಹಾಗೆಯೇ ಮುಖ ಬಿಡಿಸುತ್ತಿದ್ದ. ಸಹಿ ಇಲ್ಲದ ಎಷ್ಟೋ ಚಿತ್ರ ಇವನದ್ದೋ ಅವನದ್ದೋ ಎಂದು ಇಂದಿಗೂ ಬಿಡಿಸಿ ಹೇಳುವುದು ಕಷ್ಟ. ಪೋರ್ಟ್‌ಲ್ಯಾಂಡಿನಲ್ಲಿ ಕೆಲವು ವರ್ಷ ಇದ್ದು, ಆಮೇಲೆ ಎಲ್ಲರೂ ಬಾಸ್ಟನ್ನಿಗೆ ಬಂದರು. ಕೊನೆಗೆ ಪೂರ್ವ ಬಾಸ್ಟನ್ನಿನ ಟ್ರೆಂಟನ್ ಬೀದಿಯಲ್ಲಿ ಮನೆ, ಅಲ್ಲೇ ಅಟ್ಟದ ಮೇಲೆ ಕೆಲಸ. ಆ ಜಾಗಕ್ಕೆ ಚಿತ್ರದ ಅಟ್ಟ ಅಂತಲೇ ಹೆಸರಿಟ್ಟಿದ್ದ.

ನನಗೆ ಇವನ ಮೇಲೆ ಪ್ರೀತಿ ಹುಟ್ಟಿದ್ದು ಒಂದು ಚೀಟಿಯಿಂದ. ಚಿತ್ರಗಳ ಹಿಂದೆ ಅಂಟಿಸುತ್ತಿದ್ದ ಅಚ್ಚು ಹಾಕಿದ ಚೀಟಿ ಅದು. ಈ ಶೈಲಿಯ ಚಿತ್ರ ಸುಮಾರು ಒಂದು ಗಂಟೆ ಕೂತರೆ ಮುಗಿಯುತ್ತದೆ, ಬೆಲೆ 2 ಡಾಲರ್ 92 ಸೆಂಟ್, ಚೌಕಟ್ಟು, ಗಾಜು ಎಲ್ಲ ಸೇರಿ. ಎಷ್ಟು ನೇರ ನೋಡಿ. ಇಷ್ಟು ದುಡ್ಡಿಗೆ ಇಷ್ಟು ಕೆಲಸ, ಮುಚ್ಚುಮರೆ ಇಲ್ಲ. ಕ್ಯಾನ್ವಾಸಿನ ಬದಲು ಎಷ್ಟೋ ಸಲ ದಪ್ಪ ರಟ್ಟಿನ ಬೋರ್ಡು. ಮೂಗಿನ ಪಕ್ಕ ನೆರಳು ಕಟ್ಟುತ್ತಾ ಕೂರುವುದಿಲ್ಲ. ಒಂದು ಗೆರೆ, ಒಂದು ಬಣ್ಣ. ಕೈಗಳನ್ನು ಬಿಟ್ಟುಬಿಡುವುದು ಅಥವಾ ಸರಳವಾಗಿ ಮುಗಿಸುವುದು. ಅದರ ಅರ್ಥ ಇವನಿಗೆ ಬೇರೆ ಬರುತ್ತಿರಲಿಲ್ಲ ಅಂತಲ್ಲ. ದುಡ್ಡು ಕೊಟ್ಟವರಿಗೆ ತಿದ್ದಿ ತೀಡಿ ನೆರಳು ಹಾಕಿ ಪೂರ್ತಿ ಕೆಲಸವನ್ನೂ ಮಾಡುತ್ತಿದ್ದ. ಗಿಲ್ಬರ್ಟ್ ಸ್ಟುವರ್ಟ್ ಬಿಡಿಸಿದ ಜಾರ್ಜ್ ವಾಷಿಂಗ್ಟನ್ ಚಿತ್ರವನ್ನು ನೋಡಿ, ಅದನ್ನು ಗಾಜಿನ ಹಿಂಬದಿಯಲ್ಲಿ ಬಿಡಿಸಿ ಮಾರುತ್ತಿದ್ದ. ಗಾಜಿನ ಹಿಂದೆ ಬಿಡಿಸುವುದು ಅಂದರೆ ಎಲ್ಲ ಉಲ್ಟಾ, ಮೇಲೆ ಕಾಣಬೇಕಾದ್ದನ್ನು ಮೊದಲು ಹಾಕಬೇಕು. ಮಾಡಿ ನೋಡಿದವರಿಗೇ ಗೊತ್ತು ಅದರ ಕಷ್ಟ.

ಇನ್ನೊಂದು ವಿಷಯ ಹೇಳದೆ ಇರಲಾರೆ. 1843ರಲ್ಲಿ ಪ್ರಯರ್ ಬಾಸ್ಟನ್ನಿನ ಬಟ್ಟೆ ವ್ಯಾಪಾರಿ ವಿಲಿಯಂ ಲಾಸನ್ ಮತ್ತು ಅವನ ಹೆಂಡತಿ ನ್ಯಾನ್ಸಿ, ಇಬ್ಬರ ಚಿತ್ರ ಬಿಡಿಸಿದ. ಕಪ್ಪು ಜನ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಆಗ ಕಪ್ಪು ಜನರನ್ನು ಕೊಂಡು ಮಾರುತ್ತಿದ್ದರು, ಗುಲಾಮಗಿರಿ ಕಾನೂನಿನಲ್ಲೇ ಹೋದದ್ದು 1865ರಲ್ಲಿ. ಅಂಥ ಕಾಲದಲ್ಲಿ ನ್ಯಾನ್ಸಿ ಲಾಸನ್ ತಲೆಗೆ ಲೇಸಿನ ಟೋಪಿ ಹಾಕಿ, ಕೈಯಲ್ಲಿ ಪುಸ್ತಕ ಹಿಡಿದು, ಓದುತ್ತಿದ್ದ ಪುಟ ತಪ್ಪದ ಹಾಗೆ ಬೆರಳಿಟ್ಟುಕೊಂಡು ನಮ್ಮನ್ನು ನೋಡುತ್ತಾಳೆ. ಆ ಬೆರಳು ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಚಿತ್ರ ಮುಗಿದ ಕೂಡಲೇ ಮುಂದೆ ಓದಬೇಕು ಅನ್ನುವ ಹೆಂಗಸು. ಈಗ ಆ ಜೋಡಿ ಚಿತ್ರ ವರ್ಮಾಂಟಿನ ಶೆಲ್ಬರ್ನ್ ಮ್ಯೂಸಿಯಮ್ಮಿನಲ್ಲಿದೆ. 1854ರಲ್ಲಿ ಇನ್ನೊಂದು, ಕೋಪ್‌ಲ್ಯಾಂಡ್ ಮನೆಯ ಮೂವರು ಅಕ್ಕತಂಗಿಯರು, ಪುಟ್ಟ ಹುಡುಗಿಯರು, ಒತ್ತೊತ್ತಿಗೆ. ಅವರ ಅಪ್ಪ ಹಳೆ ಬಟ್ಟೆ ವ್ಯಾಪಾರಿ. ಅದು ಬಾಸ್ಟನ್ನಿನ ಲಲಿತಕಲೆಗಳ ಮ್ಯೂಸಿಯಮ್ಮಿನಲ್ಲಿದೆ. ಇಂಥ ಮನೆಗಳಿಗೂ ತಮ್ಮ ಮುಖ ಗೋಡೆಯ ಮೇಲೆ ಬಂತು, ಮತ್ತು ಎಷ್ಟು ಮರ್ಯಾದೆಯಿಂದ ಬಂತು ಅಂತ ನೋಡಬೇಕು.

ಬದಿಯಡ್ಕಕ್ಕೆ ವಾಪಸ್ ಬರುತ್ತೇನೆ. ಇದನ್ನೆಲ್ಲ ನಾನು ಆ ಚಿತ್ರಗಾರರಿಗೆ ಹೇಳಿದೆ. ಬ್ರಷ್ ಒರೆಸುತ್ತಾ ಕೇಳಿದರು. ಕೇಳಿ, "ಮಾಷ್ಟ್ರೇ, ಅವರಿಗೆ ಒಂದು ಗಂಟೆ ಸಾಕಿತ್ತು, ಎದುರು ಮನುಷ್ಯ ಕೂತಿದ್ದರಲ್ಲ. ನನಗೆ ನೀವು ತಂದದ್ದು ರೇಷನ್ ಕಾರ್ಡು. ಸಾದಾ ಕೆಲಸಕ್ಕೂ ಒಂದು ವಾರ ಬೇಕು" ಎಂದರು.

ಮತ್ತೆ ಅವರು ಮಾಡಿದ್ದು ನೋಡಿಯೇ ನಾನು ಇದನ್ನು ಬರೆಯಲು ಕೂತದ್ದು. ಫೋಟೋ ಬದಿಗಿಟ್ಟರು. ಅಜ್ಜಿ ಹೇಗೆ ಕೂರುತ್ತಿದ್ದರು, ಸೆರಗು ಹೇಗೆ ಹೊದೆಯುತ್ತಿದ್ದರು, ನಗುವಾಗ ಯಾವ ಹಲ್ಲು ಕಾಣುತ್ತಿತ್ತು, ಬೊಟ್ಟು ಎಷ್ಟು ದೊಡ್ಡದು, ಮೂಗುಬೊಟ್ಟು ಯಾವ ಕಡೆ, ಸಿಟ್ಟು ಬಂದರೆ ಹುಬ್ಬು ಏನಾಗುತ್ತಿತ್ತು. ಮುಕ್ಕಾಲು ಗಂಟೆ ಕೇಳಿದರು. ನನಗೆ ಗೊತ್ತಿಲ್ಲದ್ದಕ್ಕೆ ಅಮ್ಮನಿಗೆ ಫೋನ್ ಮಾಡಿಸಿದರು. ಅಮ್ಮ ಫೋನಿನಲ್ಲಿ ಹೇಳುತ್ತಾ ಹೇಳುತ್ತಾ ಅತ್ತರು, ಆಮೇಲೆ ನಕ್ಕರು. ಕೊನೆಗೆ ಅಮ್ಮನ ಒಂದು ಫೋಟೋವನ್ನೂ ಕೇಳಿ ಇಟ್ಟುಕೊಂಡರು. ಗಲ್ಲದ ಎಲುಬು ಮಗಳಲ್ಲಿ ಉಳಿದಿರುತ್ತದೆ ಎಂದರು. ಫೋಟೋದಲ್ಲಿ ಕಲೆಯಾದ ಕೆನ್ನೆಯನ್ನು ಅವರು ತುಂಬಿಸಿದ್ದು ಅಮ್ಮನ ಮುಖ ನೋಡಿ.

ಸಾದಾ ಕೆಲಸ ಯಾಕೆ ಆರಿಸಿದೆ ಅಂತ ಕೇಳಿದರೆ, ದುಡ್ಡು ಒಂದು ಕಾರಣ, ಅದು ನಿಜ. ಅಡಿಕೆಗೆ ಹಳದಿ ರೋಗ ಬಂದು ತೋಟ ಅರ್ಧ ಆಗಿದೆ, 16,000 ಸುಮ್ನೆ ಬರುವುದಿಲ್ಲ. ಆದರೆ ಚಿತ್ರಗಾರರೂ ಅದನ್ನೇ ಹೇಳಿದರು. ಇಷ್ಟು ಸಣ್ಣ ಫೋಟೋದಲ್ಲಿ ನೆರಳು ಎಲ್ಲಿ ಬಿದ್ದಿದೆ ಅಂತಲೇ ಕಾಣುವುದಿಲ್ಲ. ನೆರಳು ಹಾಕಬೇಕಾದರೆ ನಾನು ಕಟ್ಟಿ ಹಾಕಬೇಕು, ಆಗ ಅದು ನಿಮ್ಮ ಅಜ್ಜಿ ಆಗಿರುವುದಿಲ್ಲ, ಬೇರೆ ಯಾರೋ ಆಗುತ್ತಾರೆ. ಗೆರೆ ಸರಿ ಬಂದರೆ ಸಾಕು. ಹೆಚ್ಚು ದುಡ್ಡಿನ ಕೆಲಸ ಕೈಯಿಂದ ಹೋಗುತ್ತದೆ ಅಂತ ಗೊತ್ತಿದ್ದೂ ಹೀಗೆ ಹೇಳುವವರು ಎಷ್ಟು ಮಂದಿ ಇದ್ದಾರೆ?

ಹೇಳಿದ ದಿನಕ್ಕೆ ಆಗಲಿಲ್ಲ, ಅದನ್ನೂ ಬರೆಯಬೇಕು. ವಾರ ಅಂದದ್ದು 23 ದಿನ ಆಯಿತು. ಫೋನ್ ಮಾಡಿದರೆ ಎತ್ತುವುದಿಲ್ಲ. ಎರಡು ಸಲ ಬಸ್ಸು ಹಿಡಿದು ಹೋದಾಗ ಬಾಗಿಲು ಹಾಕಿತ್ತು. ಮಧ್ಯಾಹ್ನ ಒಂದರಿಂದ ಮೂರೂವರೆವರೆಗೆ ಅಂಗಡಿ ಇರುವುದಿಲ್ಲ ಎಂದು ಆ ಹಲಗೆಯಲ್ಲೇ ಒಂದು ಸಾಲು ಬರೆದರೆ ಜನರಿಗೆ ಉಪಕಾರ ಆದೀತು. ಮುಂಗಡ 1,000 ಕೊಟ್ಟದ್ದಕ್ಕೆ ನೋಟ್‌ಬುಕ್ಕಿನ ಹಾಳೆ ಹರಿದು ಬರೆದುಕೊಟ್ಟರು, ರಶೀದಿ ಪುಸ್ತಕ ಇಲ್ಲ. ವರ್ಷಾಂತಿಕ, ಗೃಹಪ್ರವೇಶ ಹೀಗೆ ದಿನ ಗೊತ್ತಾದ ಕೆಲಸ ಇದ್ದರೆ ಎರಡು ತಿಂಗಳು ಮೊದಲೇ ಹೋಗಿ. ನಮ್ಮದು ನಾಲ್ಕು ದಿನ ಇರುವಾಗ ಕೈಗೆ ಬಂತು. ಅಮ್ಮನ ಬಿಪಿ ಏರಿತ್ತು.

ತಡ ಆದದ್ದಕ್ಕೆ ಒಂದು ಕಾರಣ ಜೂನ್ ತಿಂಗಳು. ಎಣ್ಣೆ ಬಣ್ಣ ನೀರಿನ ಹಾಗೆ ಆರುವುದಲ್ಲ, ಅಗಸೆ ಎಣ್ಣೆ ಗಾಳಿ ತೆಗೆದುಕೊಂಡು ಗಟ್ಟಿಯಾಗುವುದು. ನಮ್ಮ ಮಳೆಗೆ, ಈ ತೇವಕ್ಕೆ, ಅದು ಇನ್ನೂ ನಿಧಾನ. ಅವಸರ ಇದ್ದರೆ ಅಕ್ರಿಲಿಕ್‌ನಲ್ಲಿ ಮಾಡಿಸಿ, ಒಂದೇ ದಿನಕ್ಕೆ ಆರುತ್ತದೆ ಅಂತ ಅವರೇ ಹೇಳಿದರು, ಆದರೆ ಅದನ್ನು ನಾನು ಕೇಳುವವರೆಗೆ ಹೇಳಲಿಲ್ಲ. ಈ ಕೆಲಸ ಬೇಸಿಗೆಯಲ್ಲಿ, ಫೆಬ್ರವರಿ–ಮಾರ್ಚಿನಲ್ಲಿ ಮಾಡಿಸುವುದು ಒಳ್ಳೆಯದು. ವಾರ್ನಿಷ್ ಈಗಲೇ ಹಾಕಿಲ್ಲ. ಆರು ತಿಂಗಳು ಕಳೆದು ತನ್ನಿ, ಹಾಕಿ ಕೊಡುತ್ತೇನೆ, ಅದಕ್ಕೆ ಬೇರೆ ದುಡ್ಡಿಲ್ಲ ಎಂದಿದ್ದಾರೆ. ಕೂಡಲೇ ವಾರ್ನಿಷ್ ಬಳಿದು ಮಿರಿಮಿರಿ ಮಾಡಿ ಕೊಡುವವರಿಗಿಂತ ಇದು ಸರಿಯಾದ ಕ್ರಮ.

ಚೌಕಟ್ಟು ಹಲಸಿನ ಮರದ್ದು, ಅದಕ್ಕೆ 1,200 ಬೇರೆ. ಪ್ರಯರ್ ಹಾಗೆ ಎಲ್ಲ ಸೇರಿಸಿ ಒಂದೇ ಬೆಲೆ ಹೇಳಿದ್ದರೆ ಚೆನ್ನಾಗಿತ್ತು ಎಂದು ನಾನು ಹೇಳಿದ್ದಕ್ಕೆ ಅವರು ಯೋಚನೆ ಮಾಡುತ್ತೇನೆ ಎಂದರು. ಹಿಂಬದಿಗೆ ಸಣ್ಣ ಬಿರಡೆಯ ಚೂರು ನಾಲ್ಕು ಮೂಲೆಗೆ ಅಂಟಿಸಿ ಕೊಟ್ಟಿದ್ದಾರೆ, ಚಿತ್ರ ಗೋಡೆಗೆ ತಾಗದೆ ಸ್ವಲ್ಪ ಬಿಟ್ಟು ನಿಲ್ಲುವ ಹಾಗೆ. ಹಿಂದೆ ಗಾಳಿ ಆಡಿದರೆ ಬೂಷ್ಟು ಹಿಡಿಯುವುದಿಲ್ಲ. ನಮ್ಮ ಕಡೆಯ ಮಣ್ಣಿನ ಗೋಡೆಗಳಿಗೆ ಇದು ಬೇಕೇ ಬೇಕು. ಚಾವಡಿಯಲ್ಲಿ ಅಜ್ಜನ ಕಾಲದ ರವಿವರ್ಮ ಪ್ರಿಂಟು ಲಕ್ಷ್ಮಿ ಇದ್ದಳು, ಗೋಡೆಗೆ ಒತ್ತಿ ಹಾಕಿದ್ದರಿಂದಲೇ ಅವಳ ಸೀರೆಯೆಲ್ಲ ಬೂಷ್ಟು ತಿಂದದ್ದು.

ಈಗ ಚಿತ್ರದ ಬಗ್ಗೆ. ಒಂದಡಿಗೆ ಒಂದೂಕಾಲಡಿ. ಹಿಂದೆ ಮಣ್ಣಿನ ಕೆಂಪು, ಸಾದಾ. ಕಡು ಹಸುರು ಸೀರೆ, ಅದರ ಮೇಲೆ ಒಂದು ಮಡಿಕೆಯೂ ಇಲ್ಲ, ಅಂಚಿನ ಗೆರೆ ಮಾತ್ರ. ಮುಖದಲ್ಲಿ ನೆರಳಿಲ್ಲ. ಆದರೆ ಸುಕ್ಕುಗಳಿವೆ, ಒಂದೊಂದನ್ನೂ ತೆಳ್ಳಗೆ ಎಳೆದಿದ್ದಾರೆ. ಜಗ್ಗಿದ ಕಿವಿ ಇದೆ. ತುಟಿಯ ಎಡ ತುದಿಯಲ್ಲಿ ಎಲೆಯಡಿಕೆಯ ಕೆಂಪು ಸ್ವಲ್ಪ ಆಚೆ ಹೋಗಿದೆ, ಅಜ್ಜಿಗೆ ಯಾವಾಗಲೂ ಹಾಗೇ. ಇದು ಯಾವ ಫೋಟೋದಲ್ಲೂ ಇರಲಿಲ್ಲ. ಅಮ್ಮ ಫೋನಿನಲ್ಲಿ ಹೇಳಿದ್ದು. ಬಲಗೈ ಮಾತ್ರ ನನಗೆ ಸಮಾಧಾನ ಇಲ್ಲ. ಬೆರಳು ಐದೂ ಒಂದೇ ಉದ್ದಕ್ಕೆ ಇದ್ದ ಹಾಗೆ ಕಾಣುತ್ತದೆ. ಹೇಳಿದೆ. ಸಾದಾ ಕೆಲಸದಲ್ಲಿ ಕೈ ಬಿಡುವುದೇ ವಾಡಿಕೆ, ನೀವು ಬೇಕು ಅಂದದ್ದಕ್ಕೆ ಹಾಕಿದೆ ಎಂದರು. ಅದು ಹೌದು. ಸಾದಾ ಕೆಲಸ ಮಾಡಿಸುವವರು ಕೈ ಕೇಳಬೇಡಿ.

ಚಿತ್ರ ಬಿಚ್ಚಿದಾಗ ಅಮ್ಮ ಏನೂ ಹೇಳಲಿಲ್ಲ. ಹತ್ತಿರ ಹೋಗಿ ನಿಂತರು. ಸೆರಗಿನ ತುದಿಯಿಂದ ಚೌಕಟ್ಟಿನ ಮೂಲೆ ಒರೆಸಿದರು. ಆಮೇಲೆ ನನ್ನ ಮಗನನ್ನು ಕರೆದು, "ನೋಡು, ದೊಡ್ಡಜ್ಜಿ ನಿನ್ನನ್ನು ಬೈಯಲಿಕ್ಕೆ ಹೊರಟಿದ್ದಾರೆ" ಎಂದರು. ನನಗೆ ಅಷ್ಟು ಸಾಕಿತ್ತು.

ಕ್ಯಾಮರಾ ಬಂದ ಮೇಲೆ ಮುಖ ಬಿಡಿಸುವವರ ಕೆಲಸ ಹೋಯಿತು ಎಂದು ಎಲ್ಲರೂ ಹೇಳುತ್ತಾರೆ. 1839ರಲ್ಲಿ ಪ್ಯಾರಿಸ್ಸಿನಲ್ಲಿ ಡಾಗೆರ್‌ನ ಫೋಟೋ ವಿಧಾನ ಹೊರಬಂತು, ಸ್ವಲ್ಪ ಸಮಯದಲ್ಲೇ ಅಮೆರಿಕಕ್ಕೂ ಹೋಯಿತು. ಊರೂರು ತಿರುಗಿ ಮುಖ ಬಿಡಿಸುತ್ತಿದ್ದ ಎಷ್ಟೋ ಮಂದಿ ಬ್ರಷ್ ಬಿಟ್ಟು ಕ್ಯಾಮರಾ ಹಿಡಿದರು. ಪ್ರಯರ್ ಮಾತ್ರ ಬ್ರಷ್ ಬಿಡಲಿಲ್ಲ. ಒಂದು ಗಂಟೆಯ ಚಿತ್ರವನ್ನು ಅಗ್ಗಕ್ಕೆ ಕೊಟ್ಟ, ಗಾಜಿನ ಮೇಲೆ ದೊಡ್ಡವರ ಮುಖ ಬಿಡಿಸಿ ಮಾರಿದ, ಬೆಳದಿಂಗಳ ನೋಟಗಳನ್ನೂ ಬಿಡಿಸಿದ. 1873ರಲ್ಲಿ ತೀರಿಕೊಂಡ. ಆಮೇಲೆ ಜನ ಮರೆತರು. 2012ರಲ್ಲಿ ಕೂಪರ್ಸ್‌ಟೌನ್ ಎಂಬಲ್ಲಿಯ ಮ್ಯೂಸಿಯಮ್ಮು ಅವನೊಬ್ಬನದ್ದೇ ದೊಡ್ಡ ಪ್ರದರ್ಶನ ಮಾಡಿತು, ಮುಂದೆ ಅದು ನ್ಯೂಯಾರ್ಕಿಗೂ ಹೋಯಿತು. ಹೆಚ್ಚುಕಡಿಮೆ 140 ವರ್ಷ ಕಳೆದ ಮೇಲೆ, ನೋಡಿ.

ಅವನು ಸತ್ತವರ ಚಿತ್ರಗಳನ್ನೂ ಮಾಡಿಕೊಡುತ್ತಿದ್ದ. ಆಗ ಸಣ್ಣ ಮಕ್ಕಳು ತುಂಬಾ ಸಾಯುತ್ತಿದ್ದರು, ಮಗು ಹೋದ ಮೇಲೆ ಒಂದು ಮುಖವಾದರೂ ಉಳಿಯಲಿ ಎಂದು ಅಪ್ಪ ಅಮ್ಮ ಚಿತ್ರಗಾರರ ಹತ್ತಿರ ಬರುತ್ತಿದ್ದರು. ಇದನ್ನು ಹೇಳಿದಾಗ ಬದಿಯಡ್ಕದವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನನ್ನ ಹತ್ತಿರ ಬರುವವರೂ ಹೆಚ್ಚಿನವರು ಹಾಗೆಯೇ ಮಾಷ್ಟ್ರೇ. ಬದುಕಿರುವವರ ಚಿತ್ರಕ್ಕೆ ಮೊಬೈಲು ಇದೆಯಲ್ಲ" ಎಂದರು.

ಆಗಲೇ ನಾನು ಅಜ್ಜನ ವಿಷಯ ತೆಗೆದದ್ದು. ಅಜ್ಜ ತೀರಿಕೊಂಡದ್ದು 1961ರಲ್ಲಿ. ಅವರದ್ದು ಒಂದು ಫೋಟೋ ಕೂಡ ಇಲ್ಲ. ಆದೀತಾ ಅಂತ ಕೇಳಿದೆ. ಅವರನ್ನು ಕಣ್ಣಿಂದ ಕಂಡವರು ಯಾರಾದರೂ ಇದ್ದಾರಾ ಎಂದು ಕೇಳಿದರು. ಸೋದರಮಾವ ಇದ್ದಾರೆ, ಆಗ ಅವರಿಗೆ 14 ವರ್ಷ. ಎಲ್ಲರೂ ಹೇಳುವ ಪ್ರಕಾರ ಮೂಗು, ಹಣೆ ಅಜ್ಜನದ್ದೇ. ಹಾಗಾದರೆ ಅವರನ್ನು ಕರೆದುಕೊಂಡು ಬನ್ನಿ, ಬೆಳಿಗ್ಗೆ ಹತ್ತು ಗಂಟೆಗೆ ಕಿಟಕಿಯ ಹತ್ತಿರ ಕೂರಿಸುವ, ಮುಂಗಡ ಈಗ ಬೇಡ, ಮುಖ ಬಂದರೆ ಮಾತ್ರ ಕೊಡಿ ಎಂದರು. ಮಾವ ಮೊನ್ನೆಯಿಂದ ದಿನಾ ಬೆಳಿಗ್ಗೆ ಫೋನ್ ಮಾಡಿ ಹೊಸದೊಂದು ನೆನಪು ಹೇಳುತ್ತಿದ್ದಾರೆ. ಕಿವಿಯಲ್ಲಿ ಕೆಂಪು ಹರಳಿನ ಒಂಟಿ ಇತ್ತು, ಎಡ ಹುಬ್ಬಿನ ಮೇಲೆ ಕತ್ತಿ ತಾಗಿದ ಗಾಯದ ಗುರುತು ಇತ್ತು. ಎಲ್ಲ ಬರೆದಿಟ್ಟುಕೊಂಡಿದ್ದೇನೆ. ಬುಧವಾರ ಎಂಟೂವರೆಯ ಬಸ್ಸಿಗೆ ಹೊರಡುತ್ತೇವೆ.